ಭಾವನವರ ದುರ್ಬೀನು

ನನ್ನ ಭಾವನವರಿಗೆ ಕೋವಿಯ ಮೇಲಿರುವ ಮಮತೆ ನನಗೆ ಪುಸ್ತಕಗಳ ಮೇಲಿರುವ ಮಮತೆಗಿಂತ ಒಂದು ತೂಕ ಹೆಚ್ಚೆಂದೇ ಹೇಳಬೇಕು. ಓದಿದ ಪುಸ್ತಕವನ್ನು ನಾನು ಎಲ್ಲೆಂದರಲ್ಲಿ ಬಿಟ್ಟೇನು. ಕೋವಿಯನ್ನು ಅವರು ಒರೆಸದೆ, ಎಣ್ಣೆಯ ಬಟ್ಟೆ ಆಡಿಸದೆ ಬೀರುವಿಗೆ ಸೇರಿಸಿದುದನ್ನು ನಾನು ಕಂಡಿಲ್ಲ. ಮಡಿಕೇರಿಯ ಸೀಮೆಯಲ್ಲಿ ಹುಟ್ಟಿದವರಿಗೆ ಇದೇನೂ ಸೋಜಿಗವಲ್ಲ. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ಪರವಾನಗಿಯ ಕಟ್ಟಿನಿಂದ ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿಯುಂಟು; ೨೦೧೯ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಿತು. ಸೆಪ್ಟೆಂಬರಿನ ಮೊದಲಲ್ಲಿ, ನಾಟಿಯ ಕೆಲಸ ಮುಗಿದ ಮೇಲೆ ಬರುವ ಕೈಲು ಮುಹೂರ್ತದ ದಿನ ಕೋವಿಗಳನ್ನೆಲ್ಲ ಇಳಿಸಿ, ತೊಳೆದು, ನಳಿಗೆಗೆ ತೋಕ್ ಪೂವನ್ನು ಸಿಕ್ಕಿಸಿ ಪೂಜಿಸುವುದು, ಊಟದ ಅನಂತರ ಬಯಲಿಗೆ ಹೋಗಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದು ಅಲ್ಲಿನ ಮಕ್ಕಳು ತೊಟ್ಟಿಲಿನಿಂದಲೇ ನೋಡುತ್ತ ಬೆಳೆಯುವ ನೋಟ.

ಭಾವನವರ ತಂದೆ ಆ ಬಯಲಿನಲ್ಲಿ ಹೆಸರು ಮಾಡಿದವರು. ನಾನು ಹುಡುಗನಾಗಿದ್ದಾಗ ಅವರು ಹೇಳುತ್ತಿದ್ದ ಮಾತೊಂದು ಈಗಲೂ ಕಿವಿಯಲ್ಲಿದೆ: “ಕಣ್ಣಿಗೂ ಕಾಯಿಗೂ ನಡುವೆ ಗಾಜು ಬಂದರೆ ಅದು ಗುರಿಯಲ್ಲ, ಕಳ್ಳತನ.” ಈ ಮಾತನ್ನು ಭಾವನವರು ವೇದವಾಕ್ಯದಂತೆ ಪಾಲಿಸಿದರು. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಪ್ವೆಬ್ಲೊ ಎಂಬ ಊರು ಸೇರಿ ಇಪ್ಪತ್ತೆಂಟು ವರ್ಷವಾಯಿತು. ಆ ದೇಶದ ಪ್ರಜೆಯೂ ಆದರು. ಆದರೆ ಆ ಮಾತು ಮಾತ್ರ ಅವರ ಪೆಟ್ಟಿಗೆಯೊಡನೆ ಹೋಯಿತು. ಊರ ಹೊರಗಿನ ಗುಂಡಿನ ಮೈದಾನದಲ್ಲಿ ಆರುನೂರು ಗಜದ ಗುರಿಗೆ, ವರ್ಷಕ್ಕೆ ಒಂದೆರಡು ಬಾರಿ ನೂರು ಮೈಲಿ ತೆಂಕಣಕ್ಕೆ ಹೋಗಿ ನ್ಯೂಮೆಕ್ಸಿಕೊದ ರಟೋನಿನ ಬಳಿ ವಿಟಿಂಗ್‌ಟನ್ ಸೆಂಟರಿನ ಸಾವಿರ ಗಜದ ಗುರಿಗೆ ಅವರು ಹೊಡೆಯುತ್ತಿದ್ದುದು ಬರಿಯ ಲೋಹದ ನೋಟದಿಂದ. ಹಿಂದೆ ಒಂದು ಸಣ್ಣ ರಂಧ್ರ, ಮುಂದೆ ನಳಿಗೆಯ ತುದಿಯಲ್ಲಿ ಒಂದು ಬಳೆ, ಅಷ್ಟೆ. ಒಲಿಂಪಿಕ್ಸಿನ ರೈಫಲ್ ಸ್ಪರ್ಧೆಗಳಲ್ಲಿಯೂ ದುರ್ಬೀನಿಗೆ ಎಡೆಯಿಲ್ಲವೆಂಬುದು ಅವರ ಹೆಮ್ಮೆಯ ವಾದ. ೨೦೦೮ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದುದೂ, ೨೦೨೪ರಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದುದೂ ಇಂತಹ ನೋಟದಿಂದಲೇ ಎಂದು ಅವರು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

೨೦೨೫ರ ಏಪ್ರಿಲಿನಲ್ಲಿ ಅಕ್ಕ ಫೋನು ಮಾಡಿದಳು. ನನಗಿಂತ ಹದಿನಾಲ್ಕು ವರ್ಷಕ್ಕೆ ಹಿರಿಯಳಾದ ಅವಳ ದನಿಯಲ್ಲಿ ಎಂದೂ ಇಲ್ಲದ ಅಳುಕಿತ್ತು.

“ತಮ್ಮಾ, ಈ ಸಲ ರಜೆಗೆ ಇಲ್ಲಿಗೆ ಬಾ. ನಿನ್ನ ಭಾವ ಕೋವಿ ಮುಟ್ಟದೆ ಎರಡು ವರ್ಷವಾಯಿತು. ಕೇಳಿದರೆ ಕೆಲಸ ಎನ್ನುತ್ತಾರೆ. ರಾತ್ರಿ ಕಾರು ಓಡಿಸುವುದನ್ನೂ ಬಿಟ್ಟಿದ್ದಾರೆ. ಈಗಿನ ಗಾಡಿಗಳ ದೀಪ ಅತಿ ಪ್ರಖರವಂತೆ. ನನ್ನ ಮಾತಿಗೆ ಬಾಯಿ ಬಿಡುವುದಿಲ್ಲ. ನೀನಾದರೆ ಏನಾದರೂ ಹರಟುತ್ತೀಯೆ.”

ಹರಟುವುದೇ ನನ್ನ ವೃತ್ತಿಯಾದುದರಿಂದ ಹೊರಟೆ.

ಹೋದ ಮೂರನೆಯ ದಿನ, ಊಟದ ಅನಂತರ, ಭಾವನವರು ತಾವಾಗಿಯೇ ಬಾಯಿ ಬಿಟ್ಟರು. ಅವರ ತೊಂದರೆ ಐವತ್ತೊಂಬತ್ತರ ಯಾರಿಗಾದರೂ ಬರುವ ತೊಂದರೆ. ನಮ್ಮ ಹಿರಿಯರು ಚಾಳೀಸು ಎಂದು ಕರೆದುದು. ಲೋಹದ ನೋಟದಲ್ಲಿ ಕಣ್ಣಿನ ಹತ್ತಿರದ ರಂಧ್ರ, ಒಂದು ಗಜದಾಚೆಯ ನಳಿಗೆಯ ತುದಿ, ಸಾವಿರ ಗಜದಾಚೆಯ ಗುರಿ, ಈ ಮೂರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಬೇಕು. ಕಣ್ಣು ಒಂದು ಕ್ಷಣದಲ್ಲಿ ಒಂದೇ ದೂರವನ್ನು ತಿಳಿಯಾಗಿ ನೋಡಬಲ್ಲುದು. ಎಳೆಯ ಕಣ್ಣು ಹತ್ತಿರಕ್ಕೂ ದೂರಕ್ಕೂ ಥಟ್ಟನೆ ಓಡಾಡಿ ಈ ಕೊರತೆಯನ್ನು ಮುಚ್ಚಿಕೊಳ್ಳುತ್ತದೆ. ವಯಸ್ಸಾದ ಕಣ್ಣಿನ ಮಸೂರ ಬಿಗಿದುಕೊಂಡು ಹಾಗೆ ಓಡಲಾರದು. ದುರ್ಬೀನು ಇಲ್ಲಿಯೇ ಉಪಕಾರ ಮಾಡುವುದು. ಅದು ದೂರದ ಗುರಿಯ ಬಿಂಬವನ್ನು ತನ್ನ ಹೊಟ್ಟೆಯೊಳಗಿನ ಒಂದು ತಳದ ಮೇಲೆ ಇಳಿಸುತ್ತದೆ. ಅದೇ ತಳದಲ್ಲಿ ಅಡ್ಡನೀಟ ಗೆರೆಗಳನ್ನು ಇಡುತ್ತಾರೆ. ಗುರಿ, ಗೆರೆ ಎರಡೂ ಒಂದೇ ದೂರದಲ್ಲಿ ಕಾಣುತ್ತವೆ. ಗುರಿ ದೊಡ್ಡದಾಗಿ ಕಾಣುವುದು ಎರಡನೆಯ ಲಾಭ. ಕಣ್ಣಿಗೆ ಓಡಾಟ ತಪ್ಪುವುದೇ ಮೊದಲನೆಯದು.

“ಹಾಗಾದರೆ ದುರ್ಬೀನು ಕೊಳ್ಳಿ” ಎಂದೆ.

ಅವರು ಗೋಡೆಯ ಮೇಲಿದ್ದ ತಂದೆಯ ಪಟವನ್ನು ನೋಡಿ ಸುಮ್ಮನಾದರು.

ನಾನು ಬಿಡಲಿಲ್ಲ. ಕೆನಡದ ಜಾರ್ಜ್ ಫಾರ್ಕರ್ಸನ್ ಎಂಬ ಗುರಿಕಾರರ ವಿಚಾರವನ್ನು ಅವರದೇ ಪುಸ್ತಕದ ಕಪಾಟಿನಿಂದ ಹುಡುಕಿ ತೆಗೆದೆ. ವಯಸ್ಸಾಗಿ, ತೋಳಿಗೆ ಪಟ್ಟಿ ಬಿಗಿದುಕೊಂಡು ಕೋವಿ ಹಿಡಿಯುವುದು ಕಷ್ಟವಾದಾಗ ಆ ಮಹನೀಯರು ಆಟವನ್ನು ಬಿಡಲಿಲ್ಲ. ನಳಿಗೆಯ ಕೆಳಗೆ ಆನಿಕೆಯನ್ನೂ ಮೇಲೆ ದುರ್ಬೀನನ್ನೂ ಇಟ್ಟು ಹೊಡೆದರು. ಅದರಿಂದ ಹುಟ್ಟಿದ ಪಂಗಡಕ್ಕೆ ಅವರ ಹೆಸರಿನ ಮೊದಲಕ್ಷರವೇ ನಿಂತು ‘ಎಫ್-ಕ್ಲಾಸ್’ ಎಂದಾಯಿತು. ಇಂದು ಅದರಲ್ಲಿ ಜಗತ್ತಿನ ಮಟ್ಟದ ಪಂದ್ಯಗಳೇ ನಡೆಯುತ್ತವೆ. ಕದ್ದವರು ಯಾರೂ ಇಲ್ಲ.

ಭಾವನವರು ನಕ್ಕರು. “ಆಯಿತಯ್ಯ ಪಂಡಿತ. ಆರಿಸುವ ಹೊಣೆ ನಿನ್ನದು. ಪದ್ಯದ ಗುಣದೋಷ ಎಣಿಸುವವನಿಗೆ ಗಾಜಿನ ಗುಣದೋಷ ಏನು ಮಹಾ!”

ಓದುಗರೇ, ಅಂದಿನಿಂದ ಎರಡು ವಾರ ನಾನು ಓದಿದಷ್ಟು ಶ್ರದ್ಧೆಯಿಂದ ಎಂ.ಎ. ಪರೀಕ್ಷೆಗೂ ಓದಿರಲಾರೆ. ಆಸ್ಟ್ರಿಯದ ಕಾಲಸ್, ಜರ್ಮನಿಯ ತ್ಸೈಸ್, ಜಪಾನಿನ ಮಾರ್ಚ್, ಅಮೆರಿಕದ ಲ್ಯೂಪೋಲ್ಡ್ ಮತ್ತು ನೈಟ್‌ಫೋರ್ಸ್, ಹೀಗೆ ಹೆಸರುಗಳ ಒಂದು ಸಹಸ್ರನಾಮವೇ ಇದೆ. ಬೆಲೆ ಕೆಲವು ನೂರು ಡಾಲರಿನಿಂದ ಹಲವು ಸಾವಿರದವರೆಗೆ. ಆದರೆ ಆರಿಸುವ ಮೊದಲು ಅಳತೆಯ ಭಾಷೆ ತಿಳಿಯಬೇಕಷ್ಟೆ.

ಅಲ್ಲಿ ನನಗೊಂದು ಹಳೆಯ ನೆಂಟ ಸಿಕ್ಕಿದ. ಗುರಿಕಾರರು ಕೋನವನ್ನು ಅಳೆಯುವುದು ಒಂದು ಅಂಶದ ಅರುವತ್ತನೆಯ ಒಂದು ಭಾಗದಿಂದ; ನಮ್ಮ ಪಂಚಾಂಗದವರು ಅದನ್ನು ‘ಕಲೆ’ ಎನ್ನುತ್ತಾರೆ. ಅಂಶ, ಕಲೆ, ವಿಕಲೆ ಎಂದು ಗ್ರಹಗಳ ಸ್ಫುಟಕ್ಕೆ ಬಳಸುವ ಅದೇ ಕಲೆ. ನೂರು ಗಜದ ದೂರದಲ್ಲಿ ಒಂದು ಕಲೆಯೆಂದರೆ ಒಂದು ಅಂಗುಲಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಲೆಕ್ಕವಾಗಿ ೧.೦೪೭ ಅಂಗುಲ, ಸಾವಿರ ಗಜದಲ್ಲಿ ಹತ್ತೂವರೆ ಅಂಗುಲ. ಸಾವಿರ ಗಜದ ಎಫ್-ಕ್ಲಾಸ್ ಗುರಿಯಲ್ಲಿ ಹತ್ತು ಅಂಕದ ಬಳೆಯ ಅಡ್ಡಳತೆ ಹತ್ತು ಅಂಗುಲ, ಅದರ ನಟ್ಟನಡುವಿನ ಬಳೆಯದು ಐದು. ಅಂದರೆ ಅರ್ಧ ಕಿಲೋಮೀಟರಿಗೆ ಇಮ್ಮಡಿ ಸಮೀಪದ ದೂರದಲ್ಲಿ ಒಂದು ಊಟದ ತಟ್ಟೆ, ತಟ್ಟೆಯ ನಡುವೆ ಒಂದು ಸಣ್ಣ ಬಟ್ಟಲು! ದುರ್ಬೀನಿನ ತಿರುಪನ್ನು ಒಂದು ಮೆಟ್ಟಿಲು ತಿರುಗಿಸಿದರೆ ಕೆಲವದರಲ್ಲಿ ಕಾಲು ಕಲೆ ಸರಿಯುತ್ತದೆ, ಕೆಲವದರಲ್ಲಿ ಅರೆಕಾಲು. ಸಾವಿರ ಗಜದಲ್ಲಿ ಅರೆಕಾಲು ಕಲೆಯೆಂದರೆ ಸುಮಾರು ೧.೩ ಅಂಗುಲ. ಗುರಿಯಾಟಕ್ಕೆ ಇದೇ ಹಿತ.

ಇಷ್ಟು ದೂರಕ್ಕೆ ಗುಂಡು ನೇರವಾಗಿ ಹೋಗುತ್ತದೆಂದು ಯಾರೂ ತಿಳಿಯಬಾರದು. ಭಾವನವರ .೩೦೮ ರೈಫಲಿನ ಗುಂಡು ಸಾವಿರ ಗಜ ಕ್ರಮಿಸಲು ಒಂದೂವರೆ ಸೆಕೆಂಡಿಗೂ ಮೀರಿ ಬೇಕು. ಅಷ್ಟರಲ್ಲಿ ಭೂಮಿ ಅದನ್ನು ಸುಮಾರು ಮೂವತ್ತು ಅಡಿ ಕೆಳಕ್ಕೆ ಸೆಳೆದಿರುತ್ತದೆ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಆರೇಳು ಅಡಿ ಪಕ್ಕಕ್ಕೆ ತಳ್ಳುತ್ತದೆ. ಈ ಬೀಳುವಿಕೆಯನ್ನು ಸರಿದೂಗಿಸುವಷ್ಟು ತಿರುಪು ದುರ್ಬೀನಿನಲ್ಲಿರಬೇಕು. ಎಪ್ಪತ್ತು ಕಲೆ ಚಲಿಸಬಲ್ಲ ದುರ್ಬೀನಾದರೆ ಮೇಲಕ್ಕೆ ಅರ್ಧ, ಕೆಳಕ್ಕೆ ಅರ್ಧ. ಕೆಳಗಿನರ್ಧ ದೂರದ ಗುರಿಗೆ ದಂಡ. ಆದುದರಿಂದ ದುರ್ಬೀನು ಕೂರುವ ಪಟ್ಟಿಯನ್ನೇ ಇಪ್ಪತ್ತು ಕಲೆ ಮುಂದಕ್ಕೆ ಬಾಗಿಸಿ ಕೂರಿಸುತ್ತಾರೆ. ಗೋಡೆಗೆ ಏಣಿಯನ್ನು ಇಡುವ ಮೊದಲು ಬುಡದ ಕೆಳಗೆ ಒಂದು ಕಲ್ಲು ಕೊಟ್ಟಂತೆ.

ತೂಕವನ್ನೂ ನೋಡಬೇಕು. ಭಾವನವರು ಸೇರಲಿದ್ದ ಪಂಗಡದಲ್ಲಿ ಕೋವಿ, ಆನಿಕೆ, ದುರ್ಬೀನು ಎಲ್ಲ ಸೇರಿ ೮.೨೫ ಕಿಲೋ ಮೀರುವಂತಿಲ್ಲ. ಅಕ್ಕನ ಅಡಿಗೆಮನೆಯ ತಕ್ಕಡಿ ಸಾಲದೆ, ನಾನು ಸ್ನಾನದ ಮನೆಯ ತಕ್ಕಡಿಯನ್ನು ತಂದು, ಕೋವಿಯೊಡನೆ ಭಾವನವರನ್ನು ಒಮ್ಮೆ, ಬರಿಗೈಯ ಭಾವನವರನ್ನು ಒಮ್ಮೆ ತೂಗಿ ಕಳೆದೆ. ದುರ್ಬೀನಿಗೆ ಉಳಿದುದು ಎಂಟುನೂರು ಗ್ರಾಮಿನ ಆಸುಪಾಸು. ಸೈನಿಕರ ಮಾದರಿಯ ಗಟ್ಟಿ ದುರ್ಬೀನುಗಳು ಎಷ್ಟೋ ಒಂದು ಕಿಲೋ ಮೀರುತ್ತವೆ. ಅವು ಪಟ್ಟಿಯಿಂದ ಹೊರಬಿದ್ದುವು. ಅವುಗಳಲ್ಲಿ ಗೆರೆಗಳು ಮುಂದಿನ ತಳದಲ್ಲಿದ್ದು ಬಿಂಬದೊಡನೆ ತಾವೂ ಹಿಗ್ಗುತ್ತವೆ. ದೂರ ಗೊತ್ತಿಲ್ಲದೆಡೆ ಗೆರೆಯಿಂದಲೇ ಅಳೆಯಲು ಅದು ಅನುಕೂಲ. ನಮ್ಮ ಗುರಿಯ ದೂರವನ್ನಂತೂ ಅಳೆದು ಗೂಟ ನೆಟ್ಟಿದ್ದಾರೆ. ಹಿಗ್ಗಿದ ಗೆರೆ ಐದು ಅಂಗುಲದ ಬಟ್ಟಲನ್ನೇ ಮುಚ್ಚಿಬಿಟ್ಟರೆ ಹೊಡೆಯುವುದೇನನ್ನು? ಗೆರೆ ಹಿಂದಿನ ತಳದಲ್ಲಿದ್ದು ಸದಾ ಸಣ್ಣಗಿರುವುದೇ ನಮಗೆ ಮೇಲು.

ಈ ಗೆರೆಯ ಕಥೆಯೂ ಸೊಗಸಾಗಿದೆ. ಎರಡು ಪೀನ ಮಸೂರಗಳ ದೂರದರ್ಶಕವನ್ನು ಕೆಪ್ಲರ್ ೧೬೧೧ರಲ್ಲಿ ವಿವರಿಸಿದ್ದ. ೧೬೪೦ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕೊಯ್ನ್ ಎಂಬ ತರುಣನ ಉಪಕರಣದೊಳಗೆ ಒಂದು ಜೇಡ ನುಸುಳಿ ಎಳೆ ಎಳೆಯಿತು. ಬಿಂಬ ಮೂಡುವ ತಳದಲ್ಲಿಯೇ ಬಿದ್ದ ಆ ಎಳೆ ನಕ್ಷತ್ರದಷ್ಟೇ ತಿಳಿಯಾಗಿ ಕಂಡಿತಂತೆ. ಬೇರೆಯವರಾದರೆ ಒರೆಸಿ ಬಿಸುಡುತ್ತಿದ್ದರು. ಅವನು ಅದನ್ನು ಅಳತೆಗೋಲಾಗಿಸಿದ. ೧೬೪೪ರಲ್ಲಿ ಮಾರ್ಸ್ಟನ್ ಮೂರಿನ ಕಾಳಗದಲ್ಲಿ ಆ ತರುಣ ಮಡಿದ. ಎಳೆ ಉಳಿಯಿತು, ಬಹುಕಾಲದವರೆಗೆ ದುರ್ಬೀನುಗಳ ಗೆರೆಗೆ ಜೇಡನ ನೂಲನ್ನೇ ಬಳಸುತ್ತಿದ್ದರು.

ಇನ್ನು ಎಷ್ಟು ಪಟ್ಟು ದೊಡ್ಡದಾಗಿ ತೋರಿಸಬೇಕೆಂಬ ಪ್ರಶ್ನೆ. ನಮ್ಮಿಬ್ಬರ ಆಸೆಯೂ ಒಂದೇ: ಹೆಚ್ಚಾದಷ್ಟೂ ಒಳ್ಳೆಯದು! ಐವತ್ತೈದು ಪಟ್ಟು, ಅರುವತ್ತು ಪಟ್ಟು ತೋರಿಸುವಂತಹವೂ ಇವೆ. ಮೈದಾನದಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ನಮ್ಮ ಉತ್ಸಾಹಕ್ಕೆ ತಣ್ಣೀರು ಎರಚಿದರು. ಪಟ್ಟು ಹೆಚ್ಚಿದಂತೆ ಗುರಿಯೊಂದೇ ಹಿಗ್ಗುವುದಿಲ್ಲ, ನಿಮ್ಮ ನಾಡಿಯ ಬಡಿತವೂ ಹಿಗ್ಗುತ್ತದೆ, ಬಿಸಿಲ್ಗುದುರೆಯೂ ಹಿಗ್ಗುತ್ತದೆ ಎಂದರು. ನಡುಹಗಲಿನಲ್ಲಿ ಕಾದ ನೆಲದ ಆವಿ ಎದ್ದಾಗ ಐವತ್ತು ಪಟ್ಟಿನಲ್ಲಿ ಗುರಿ ಕುದಿಯುವ ಗಂಜಿಯಂತೆ ಕಾಣುತ್ತದೆ. ಪಟ್ಟನ್ನು ಇಳಿಸಿದರೆ ಅದೇ ಬಿಸಿಲ್ಗುದುರೆ ಯಾವ ಕಡೆಗೆ ಹರಿಯುತ್ತಿದೆಯೆಂದು ನೋಡಿ ಗಾಳಿಯನ್ನು ಓದಬಹುದು. ನೋಟದ ಹರವೂ ಕುಗ್ಗುತ್ತದೆ. ಪಕ್ಕದ ಗಾಳಿಬಾವುಟ ಕಣ್ಣಿನಿಂದ ಮರೆಯಾಗುತ್ತದೆ.

ದ್ರೋಣಾಚಾರ್ಯರ ಪರೀಕ್ಷೆ ನನಗೆ ನೆನಪಾಯಿತು. ಮರ ಕಾಣದೆ, ಕೊಂಬೆ ಕಾಣದೆ, ಹಕ್ಕಿಯ ತಲೆಯೊಂದನ್ನೇ ಕಂಡ ಅರ್ಜುನನನ್ನು ನಾವು ತಲೆಮಾರುಗಳಿಂದ ಹೊಗಳುತ್ತ ಬಂದಿದ್ದೇವೆ. ಸಾವಿರ ಗಜದ ಮೈದಾನದಲ್ಲಿ ಆ ಶಿಷ್ಯ ಸೋಲುತ್ತಿದ್ದ. ಇಲ್ಲಿ ಎಲೆ ಅಲುಗಿದುದನ್ನೂ ಕೊಂಬೆ ಬಾಗಿದುದನ್ನೂ ಕಾಣುವವನೇ ಶಿಷ್ಯೋತ್ತಮ.

ಮೂರು ದುರ್ಬೀನುಗಳನ್ನು ನೋಡುವುದೆಂದು ಗೊತ್ತಾಯಿತು. ಎರಡು ಮೈದಾನದ ಗೆಳೆಯರವು, ಒಂದು ಅಂಗಡಿಯದು. ಪ್ರವಾಸಿಯಾಗಿ ಹೋದ ನಾನು ಅಲ್ಲಿನ ಕಾನೂನಿನಂತೆ ಕೋವಿಯನ್ನು ಕೈಯಲ್ಲಿ ಹಿಡಿಯುವಂತಿಲ್ಲ. ಹಾಗಾಗಿ ದುರ್ಬೀನುಗಳನ್ನು ಬಿಚ್ಚಿ, ಮರಳಿನ ಚೀಲದ ಮೇಲೆ ಮಲಗಿಸಿ, ಆರುನೂರು ಗಜದ ಬಿಳಿಯ ಗುರಿಹಲಗೆಯತ್ತ ತಿರುಗಿಸಿಟ್ಟರು.

ಮೊದಲನೆಯದು ಎಂಟರಿಂದ ಮೂವತ್ತೆರಡು ಪಟ್ಟಿನದು, ಮುಂದಿನ ಗಾಜು ಐವತ್ತಾರು ಮಿಲಿಮೀಟರು, ಬೆಲೆ ಸಾಧಾರಣ. ಭಾವನವರು ಬಹಳ ಹೊತ್ತು ನೋಡಿ ತಲೆಯಾಡಿಸಿದರು. “ಗಾಜು ತಿಳಿಯಿಲ್ಲ. ಮಸುಕು. ಬಿಳಿಯ ಕಾಗದ ಹಳದಿಯಾಗಿ ಕಾಣುತ್ತದೆ.” ನಾನು ನೋಡಿದೆ. ಕಾಗದ ಹಾಲಿನಂತಿತ್ತು. ಹೊಸಬನ ಕಣ್ಣು, ಸೂಕ್ಷ್ಮ ತಿಳಿಯದೆಂದು ಸುಮ್ಮನಾದೆ. ಎರಡನೆಯದು ನಲವತ್ತೆಂಟು ಪಟ್ಟಿನದು, ಬೆಲೆ ಮೊದಲನೆಯದರ ಎರಡರಷ್ಟು. “ಇದು ಇನ್ನೂ ಮಸುಕು” ಎಂದರು. ಮರುದಿನ ಅಂಗಡಿಯಲ್ಲಿ ಐವತ್ತೈದು ಪಟ್ಟಿನದನ್ನು ಬಾಗಿಲ ಹೊರಗೆ ಮುಕ್ಕಾಲಿಯ ಮೇಲಿಟ್ಟು, ದೂರದ ನೀರಿನ ತೊಟ್ಟಿಯ ಮೇಲಿನ ಅಕ್ಷರಗಳತ್ತ ತಿರುಗಿಸಿದರು. ಭಾವನವರು ಕಣ್ಣಿಟ್ಟು, ತೆಗೆದು, ಕೈವಸ್ತ್ರದಿಂದ ಗಾಜನ್ನು ಒರೆಸಿ, ಮತ್ತೆ ಇಟ್ಟು, “ಇಷ್ಟು ಹಣ ಸುರಿದು ಮಂಜನ್ನು ಕೊಳ್ಳಬೇಕೆ?” ಎಂದು ಸಿಡುಕಿದರು. ಮಾರುವವನು ಇದಕ್ಕಿಂತ ಒಂದು ಸಾವಿರ ಡಾಲರು ಹೆಚ್ಚಿನದನ್ನು ತರಲು ಒಳಗೆ ಹೋದ. ಬೆಲೆ ಏರಿದಂತೆ ಮಸುಕು ಏರುವ ಈ ವಿಪರೀತವನ್ನು ಕಂಡು ನಾನು ಮೂರನೆಯದಕ್ಕೂ ಕಣ್ಣಿಟ್ಟೆ. ತೊಟ್ಟಿಯ ಮೇಲಿನ ಬಣ್ಣ ಚಕ್ಕೆ ಎದ್ದಿದ್ದುದೂ ಕಂಡಿತು.

ಆಗ ನಾನು ಓದಿದ ಒಂದು ಲೆಕ್ಕ ತಲೆಯಲ್ಲಿ ಮಿಂಚಿತು. ದುರ್ಬೀನಿನಿಂದ ಹೊರಬರುವ ಬೆಳಕಿನ ಕಂಬದ ದಪ್ಪ, ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದಷ್ಟು. ಐವತ್ತಾರನ್ನು ಎಂಟರಿಂದ ಭಾಗಿಸಿದರೆ ಏಳು ಮಿಲಿಮೀಟರು; ಮೂವತ್ತೆರಡರಿಂದಾದರೆ ಎರಡಕ್ಕೂ ಕಡಿಮೆ; ಐವತ್ತೈದು ಪಟ್ಟಿಗೆ ಬರುವ ಹೊತ್ತಿಗೆ ಕಂಬ ಒಂದು ಮಿಲಿಮೀಟರಿನ ಸೂಜಿಯಾಗುತ್ತದೆ. ಆ ಸೂಜಿ ಕಣ್ಣಿನ ಮಸೂರದ ಒಂದೇ ಚುಕ್ಕೆಯನ್ನು ಹಾದು ಹೋಗುತ್ತದೆ. ಆ ಚುಕ್ಕೆಯಲ್ಲಿಯೇ ಏನಾದರೂ ಇದ್ದರೆ? ರಾತ್ರಿಯ ದೀಪಗಳ ಪ್ರಖರತೆ, ಹಳದಿಯಾದ ಕಾಗದ, ಎರಡು ವರ್ಷದ ಮೌನ, ಎಲ್ಲವೂ ಒಂದೇ ಗೆರೆಯಲ್ಲಿ ನಿಂತುವು.

ಹೇಳುವುದು ಹೇಗೆ? ತಂಗಿಯ ಗಂಡನಾದರೆ ಗದರಿಸಬಹುದಿತ್ತು. ಇವರು ನನಗೆ ಸೈಕಲ್ ಕಲಿಸಿದ ಭಾವ. ನನ್ನ ಓದಿನ ಶುಲ್ಕ ಕಟ್ಟಿದವರು.

“ಭಾವ,” ಎಂದೆ, “ಒಮ್ಮೆ ಎಡಗಣ್ಣಿನಲ್ಲಿ ನೋಡುತ್ತೀರಾ?”

“ಎಡಗಣ್ಣೇಕೆ? ನಾನೇನು ಎಡಚನೆ?”

“ಸುಮ್ಮನೆ. ನನಗಾಗಿ.”

ಅವರು ಬಗ್ಗಿದರು. ಎಡಗಣ್ಣನ್ನು ಇಟ್ಟರು. ಬಹಳ ಹೊತ್ತು ಏಳಲಿಲ್ಲ. ಮತ್ತೆ ಬಲಗಣ್ಣು ಇಟ್ಟರು, ಮತ್ತೆ ಎಡಗಣ್ಣು. ಒಳಗಿನಿಂದ ಅಂಗಡಿಯವನು ಹೊಸ ಪೆಟ್ಟಿಗೆ ಹಿಡಿದು ಬಂದ. ಭಾವನವರು ನೆಟ್ಟಗೆ ನಿಂತು, “ಇವತ್ತಿಗೆ ಸಾಕು. ನಿಮಗೆ ತೊಂದರೆ ಕೊಟ್ಟೆ” ಎಂದು ಅವನಿಗೆ ವಂದಿಸಿ ಕಾರಿನ ಕಡೆಗೆ ನಡೆದರು. ಬೀಗದ ಕೈಯನ್ನು ನನ್ನ ಕೈಗೆ ಕೊಡಲು ಬಂದು, ನನಗೆ ಅಲ್ಲಿ ಓಡಿಸಲು ಬರುವುದಿಲ್ಲವೆಂಬುದು ನೆನಪಾಗಿ, ತಾವೇ ಕೂತರು. ಹಗಲಾದುದರಿಂದ ಮೆಲ್ಲಗೆ ಹೊರಟೆವು.

ಹತ್ತು ಮೈಲಿ ಸಾಗಿರಬಹುದು. ಆಗ ಹೇಳಿದರು:

“ಅಪ್ಪನ ಕಡೆಯ ಕೈಲು ಮುಹೂರ್ತ ನಿನಗೆ ಗೊತ್ತಿಲ್ಲ. ನೀನಿನ್ನೂ ಚಿಕ್ಕವನು. ಮೂರು ಸಲ ಹೊಡೆದರು. ಕಾಯಿ ಅಲುಗಲಿಲ್ಲ. ತೋಟಾ ಸರಿಯಿಲ್ಲ, ಮದ್ದು ತಂಪು ಹಿಡಿದಿದೆ ಎಂದರು. ಯಾರೂ ಮಾತಾಡಲಿಲ್ಲ. ಅದೇ ಪೆಟ್ಟಿಗೆಯ ತೋಟಾದಿಂದ ನಾನು ಹೊಡೆದೆ, ಕಾಯಿ ಒಡೆಯಿತು. ಅವರು ಕೋವಿಯನ್ನು ಗೋಡೆಗೆ ಒರಗಿಸಿ ಒಳಗೆ ಹೋದರು. ಮತ್ತೆ ಮುಟ್ಟಲಿಲ್ಲ. ಪೊರೆ ಬಲಿತಿತ್ತು, ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆಂದೆ. ಕಣ್ಣಿಗೆ ಕತ್ತಿ ಹಾಕಿಸಿಕೊಳ್ಳುವುದಿಲ್ಲವೆಂದರು. ಸಾಯುವಾಗ ನನ್ನನ್ನು ದನಿಯಿಂದ ಗುರುತಿಸಿದರು.”

ನಾನು ಉತ್ತರ ಕೊಡಲಿಲ್ಲ.

“ನಾನೂ ಮೂರು ಗಾಜುಗಳನ್ನು ಬೈದೆನಲ್ಲವೆ?” ಎಂದರು. ಅನಂತರ ನಕ್ಕರು, ಆ ನಗೆ ಅಷ್ಟು ಚೆನ್ನಾಗಿರಲಿಲ್ಲ.

ಅಕ್ಕನಿಗೆ ಅವರೇ ಹೇಳಿದರು. ಅವಳು ಅಡಿಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಕೊತ್ತಂಬರಿ ಸೊಪ್ಪನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಹೆಚ್ಚಿದಳು. ಮರುದಿನವೇ ವೈದ್ಯರನ್ನು ಕಾಣಲು ಸಮಯ ಗೊತ್ತುಮಾಡಿದಳು. ಬಲಗಣ್ಣಿನ ಮಸೂರದ ನಡುವೆ ಪೊರೆ. ಎಡಗಣ್ಣು ಸದ್ಯಕ್ಕೆ ವಾಸಿ. ಪಂಚಾಂಗದ ಕಲೆ, ಗುರಿಕಾರನ ಕಲೆ, ಮಸೂರದ ಮೇಲಿನ ಕಲೆ, ಮೂರಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಪದವಿರುವುದನ್ನು ಆ ರಾತ್ರಿ ಯೋಚಿಸುತ್ತ ನಾನು ನಿದ್ರೆಗೆಟ್ಟೆ.

ಜೂನ್ ಮೊದಲ ವಾರದಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಬೆಳಗ್ಗೆ ಹೋದವರು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದರು. ಮಸುಕಾದ ಮಸೂರವನ್ನು ತೆಗೆದು, ದೂರಕ್ಕೆ ಹೊಂದಿಸಿದ ಕೃತಕ ಮಸೂರವನ್ನು ಇಟ್ಟಿದ್ದರು. ವೈದ್ಯರು ವಿವರಿಸಿದುದನ್ನು ಕೇಳಿ ಭಾವನವರೇ ನನಗೆ ತರ್ಕ ಹೇಳಿದರು: “ಈ ಕಣ್ಣು ಇನ್ನು ಒಂದೇ ದೂರವನ್ನು ತಿಳಿಯಾಗಿ ನೋಡುತ್ತದೆ. ಲೋಹದ ನೋಟದ ಮುಂದಿನ ಬಳೆ ಇದಕ್ಕೆ ಎಂದಿಗೂ ಮಸುಕೇ. ಗುರಿಯೂ ಗೆರೆಯೂ ಒಂದೇ ತಳದಲ್ಲಿರುವ ದುರ್ಬೀನೇ ಇದಕ್ಕೆ ಜೊತೆ. ಅಪ್ಪ ಬೇಡವೆಂದ ಗಾಜು ಕೋವಿಯ ಮೇಲೆ ಕೂರುವ ಮೊದಲು ಕಣ್ಣಿನ ಒಳಗೇ ಬಂದು ಕೂತಿತಯ್ಯ! ಇನ್ನು ಯಾವ ಹಟ?”

ಕೊಂಡುದು ಮೊದಲನೆಯದನ್ನೇ, ಎಂಟರಿಂದ ಮೂವತ್ತೆರಡರದು. ಉಳಿದ ಹಣ ತೋಟಾಕ್ಕೆ, ರಟೋನಿನ ದಾರಿಯ ಪೆಟ್ರೋಲಿಗೆ. ದುರ್ಬೀನು ಎಷ್ಟು ಒಳ್ಳೆಯದಾದರೂ ಗಾಳಿಯನ್ನು ಓದಲು ಕಲಿಸುವುದು ಹೊಡೆದ ಗುಂಡುಗಳ ಲೆಕ್ಕವೇ ಎಂದು ಮೈದಾನದ ಹಿರಿಯರು ಹೇಳಿದ್ದರು.

ಊರಿಗೆ ಹಿಂತಿರುಗುವ ಮೊದಲು ನಾನೊಂದು ಪರೀಕ್ಷೆಯನ್ನು ಮಾಡಿಯೇ ತೀರಬೇಕೆಂದು ಹಟ ಹಿಡಿದೆ. ತಿರುಪಿನ ಮೇಲೆ ಬರೆದ ಅಂಕಿಯನ್ನು ನಂಬಬಾರದು, ಅಳೆಯಬೇಕು. ದುರ್ಬೀನನ್ನು ಮೇಜಿನ ಕಬ್ಬಿಣದ ಹಿಡಿಕೆಯಲ್ಲಿ ಅಲುಗದಂತೆ ಬಿಗಿದೆವು. ಅಳೆದು ನೂರು ಗಜದ ದೂರದಲ್ಲಿ ಒಂದು ಎತ್ತರದ ಹಲಗೆ ನಿಲ್ಲಿಸಿ, ತೂಗುಗುಂಡಿನ ದಾರದಿಂದ ನೆಟ್ಟಗೆ ಗೆರೆ ಎಳೆದು, ಅಂಗುಲಗಳನ್ನು ಗುರುತಿಸಿದೆ. ಕಣ್ಣನ್ನು ಎಡಕ್ಕೆ ಬಲಕ್ಕೆ ಸರಿಸಿದಾಗ ಗೆರೆ ಹಲಗೆಯ ಮೇಲೆ ಜಾರಿದರೆ ಅದು ಪ್ಯಾರಲಾಕ್ಸ್ ಎಂಬ ದೋಷ. ಬಸ್ಸಿನ ಪಕ್ಕದ ಸೀಟಿನಿಂದ ವೇಗದ ಮುಳ್ಳನ್ನು ನೋಡಿದರೆ ಚಾಲಕನಿಗೆ ಕಾಣುವ ಅಂಕಿ ನಮಗೆ ಕಾಣುವುದಿಲ್ಲವಲ್ಲ, ಅದೇ. ಪಕ್ಕದ ಗುಂಡಿಯನ್ನು ತಿರುಗಿಸಿ ಅದನ್ನು ಹೋಗಲಾಡಿಸಿದೆ. ಅನಂತರ ತಿರುಪನ್ನು ಮೂವತ್ತು ಕಲೆ ತಿರುಗಿಸಿದೆ. ಲೆಕ್ಕದಂತೆ ಗೆರೆ ೩೧.೪ ಅಂಗುಲ ಸರಿಯಬೇಕು. ಸರಿಯಿತು. ಹಿಂದಕ್ಕೆ ತಿರುಗಿಸಿದಾಗ ಹೊರಟಲ್ಲಿಗೇ ಬಂದು ನಿಂತಿತು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಕುರ್ಚಿಯಲ್ಲಿ ಕೂತಿದ್ದ ಭಾವನವರು, “ಪಂಡಿತ ತೇರ್ಗಡೆಯಾದ” ಎಂದರು.

ಕೈಲು ಮುಹೂರ್ತದ ವಾರದಲ್ಲಿ ಫೋನು ಬಂತು. ವೈದ್ಯರ ಅಪ್ಪಣೆ ಪಡೆದು ಜುಲೈಯಿಂದ ಅಭ್ಯಾಸ ಮಾಡಿದ್ದರಂತೆ; ಆ ಭಾನುವಾರ ರಟೋನಿಗೆ ಹೋಗಿದ್ದರು. ಅಕ್ಕ ಹಿಂದಿನ ದಿನ ಹೂ ಹುಡುಕಿ, ಅಲ್ಲಿ ತೋಕ್ ಪೂ ಎಲ್ಲಿಂದ ಬರಬೇಕು, ಹಿತ್ತಿಲಿನ ಚೆಂಡುಹೂವನ್ನೇ ನಳಿಗೆಗೆ ಸಿಕ್ಕಿಸಿದ್ದಳು.

“ಎಷ್ಟು ಬಂತು ಭಾವ?”

“ಇಪ್ಪತ್ತು ಗುಂಡು. ಇನ್ನೂರಕ್ಕೆ ನೂರ ಎಂಬತ್ತೊಂದು. ಗೆ‍ದ್ದವನದು ನೂರ ತೊಂಬತ್ತನ್ನು ಮೀರಿತ್ತು ಬಿಡು.”

“ಕಳೆದುಕೊಂಡುದು ಎಲ್ಲಿ?”

“ಹದಿಮೂರನೆಯದರಿಂದ ಮೂರು ಗುಂಡು ಬಲಕ್ಕೆ ಹೋದುವು. ಗಾಳಿ ಕೆಟ್ಟದಾಗಿ ಬೀಸಿತು.”

ಆ ಕಡೆ ಒಂದು ಕ್ಷಣ ಸದ್ದಿರಲಿಲ್ಲ.

“ಅಲ್ಲ,” ಎಂದರು ಭಾವನವರು. “ಬಾವುಟ ಇಳಿದುದು ಕಂಡಿತ್ತು. ನೋಡಿಯೂ ತಿರುಪು ಮುಟ್ಟಲಿಲ್ಲ. ತಪ್ಪು ನನ್ನದೇ.”